ತೋಟದ ಸುತ್ತ ಒಂದು ಹೋಟೆಲ್

ಚೈನೀಸ್ ರೆಸ್ಟೋರೆಂಟ್ ಅಂದ ಕೂಡಲೇ ಕಣ್ಣ ಮುಂದೆ ಬರುವುದೇನು? ಬಾಗಿಲಲ್ಲಿ ತೂಗುವ ಎರಡು ಕೆಂಪು ಲಾಂದ್ರ, ಗೋಡೆಗೆ ಅಂಟಿಸಿದ ಡ್ರ್ಯಾಗನ್, ಗಲ್ಲಾಪೆಟ್ಟಿಗೆಯ ಮೇಲೆ ಕೈ ಆಡಿಸುತ್ತ ಕೂತ ಬೆಕ್ಕಿನ ಗೊಂಬೆ, ಮೆನುವಿನಲ್ಲಿ ಗೋಬಿ ಮಂಚೂರಿ. ತಮಾಷೆ ಏನೆಂದರೆ ಆ ಬೆಕ್ಕು ಜಪಾನಿನದು, ಗೋಬಿ ಮಂಚೂರಿ ನಮ್ಮದೇ. ಇನ್ನು ತೋಟ? ಪಾರ್ಕಿಂಗ್ ಪಕ್ಕ ನಾಲ್ಕು ಕುಂಡ, ಒಂದಷ್ಟು ಪ್ಲಾಸ್ಟಿಕ್ ಬಿದಿರು, ಕರೆಂಟ್ ಇದ್ದಾಗ ಮಾತ್ರ ಹರಿಯುವ ಫೈಬರ್ ಜಲಪಾತ. ಕಟ್ಟಡ ಮುಗಿದ ಮೇಲೆ ಉಳಿದ ಜಾಗಕ್ಕೆ, ಉಳಿದ ದುಡ್ಡಿನಲ್ಲಿ ಮಾಡುವ ಕೆಲಸ ಅದು.

ಉದ್ಯಾನ ಮತ್ತು ಊಟ ನಿಜವಾಗಿ ಒಂದೇ ಸೂರಿನಡಿ ಹೇಗೆ ಬಾಳುತ್ತವೆ ಎಂದು ತಿಳಿಯಬೇಕಾದರೆ ದಕ್ಷಿಣ ಚೀನಾದ ಗುವಾಂಗ್‌ಝೌ ಕಡೆ ನೋಡಬೇಕು. ಪರ್ಲ್ ನದಿಯ ದಡದ ಈ ಬಂದರು ನಗರವನ್ನು ಹಿಂದೆ ಹೊರಗಿನವರು ಕ್ಯಾಂಟನ್ ಎನ್ನುತ್ತಿದ್ದರು. ಇಲ್ಲಿನವರಿಗೆ ‘ಯಮ್ ಚಾ’ ಅಂದರೆ ಪ್ರಾಣ. ಪದದ ಅರ್ಥ ಚಹಾ ಕುಡಿಯುವುದು, ಅಷ್ಟೆ. ಆದರೆ ನಡೆಯುವುದು ಅಷ್ಟಕ್ಕೇ ಮುಗಿಯುವುದಿಲ್ಲ. ಮನೆಮಂದಿಯೆಲ್ಲ ಒಂದು ಮೇಜಿನ ಸುತ್ತ ಕೂತು, ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುವ ತಿಂಡಿ ತಿನ್ನುತ್ತ, ಹೂಜಿಗೆ ಮತ್ತೆ ಮತ್ತೆ ಬಿಸಿನೀರು ಹಾಕಿಸಿಕೊಳ್ಳುತ್ತ ಗಂಟೆಗಟ್ಟಲೆ ಹರಟುತ್ತಾರೆ. ನಮ್ಮ ದರ್ಶಿನಿಯಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ಇಡ್ಲಿ-ವಡೆ ಮುಗಿಸಿ ಬಸ್ ಹಿಡಿಯುವವರಿಗೆ ತೋಟ ಬೇಕಿಲ್ಲ. ಎರಡು ಗಂಟೆ ಕೂರುವವರಿಗೆ ಮಾತು ನಿಂತಾಗ ಕಣ್ಣು ಹಾಯಿಸಲು ಏನಾದರೂ ಬೇಕು.

ಹಳೆ ಕಿಟಕಿ, ಹೊಸ ಹೋಟೆಲ್

1950ರ ದಶಕದ ಕೊನೆಯಲ್ಲಿ ಗುವಾಂಗ್‌ಝೌನ ಬೇಯುವಾನ್ ಎಂಬ ಹಳೆಯ ಹೋಟೆಲನ್ನು ಹೊಸದಾಗಿ ಕಟ್ಟುವ ಕೆಲಸ ಮೊ ಬೋಝಿ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂತು. ಬೇಯುವಾನ್ ಎಂದರೆ ‘ಉತ್ತರದ ತೋಟ’. ಮೊ ಬೋಝಿ ಓದಿದ್ದು ಏನು ಗೊತ್ತೇ? ಸಿವಿಲ್ ಎಂಜಿನಿಯರಿಂಗ್! 1936ರಲ್ಲಿ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು ಅವರು. ಸಿವಿಲ್ ಓದುತ್ತಿರುವ ನನ್ನಂಥವರಿಗೆ ಇದೊಂದು ಸಣ್ಣ ಖುಷಿ. ನಮ್ಮಲ್ಲಿ ಸಿವಿಲ್ ಎಂದರೆ ಸಿಮೆಂಟು, ಕಬ್ಬಿಣ, ಬಾರ್ ಬೆಂಡಿಂಗ್ ಷೆಡ್ಯೂಲ್. ಚೆಂದದ ವಿಚಾರ ಆರ್ಕಿಟೆಕ್ಟ್‌ಗಳಿಗೆ ಸೇರಿದ್ದು ಎಂಬ ನಂಬಿಕೆ ಇದೆ. ಮೊ ಬೋಝಿಯ ಕೆಲಸ ನೋಡಿದರೆ ಆ ಗೆರೆ ಅಳಿಸಿಹೋಗುತ್ತದೆ.

ಆಗ ಚೀನಾದಲ್ಲಿ ದುಡ್ಡಿಗೂ ಸಾಮಗ್ರಿಗೂ ಬರ. ಇನ್ನೊಂದೆಡೆ ಸುತ್ತಮುತ್ತಲಿನ ಹಳೆಯ ಸಿರಿವಂತರ ಮನೆಗಳು ಉರುಳುತ್ತಿದ್ದವು. ಅವುಗಳ ಕೆತ್ತನೆಯ ಬಾಗಿಲು, ಮರದ ಜಾಲರಿ, ಬಣ್ಣದ ಗಾಜಿನ ಕಿಟಕಿಗಳು ಹಳೇ ಸಾಮಾನಿನ ವ್ಯಾಪಾರಿಗಳ ಬಳಿ ಬಂದು ಬೀಳುತ್ತಿದ್ದವು. ಮೊ ಬೋಝಿ ಅವನ್ನೇ ಹುಡುಕಿ ಕೊಂಡು ತಂದರು. ಸಿಕ್ಕಿದ ಕಿಟಕಿಯ ಅಳತೆಗೆ ಗೋಡೆ ಎದ್ದಿತು, ಸಿಕ್ಕಿದ ಜಾಲರಿಗೆ ತಕ್ಕಂತೆ ಕೋಣೆ ಭಾಗವಾಯಿತು. ನಡುವೆ ಕೊಳವಿರುವ ಅಂಗಳ, ಅದರ ಸುತ್ತ ಊಟದ ಕೋಣೆಗಳು, ಕೋಣೆಯಿಂದ ಕೋಣೆಗೆ ಮಾಡಿನ ಕೆಳಗಿನ ದಾರಿ. ಚೀನೀ ವಾಸ್ತುಶಿಲ್ಪದ ಇತಿಹಾಸ ಬರೆದ ದೊಡ್ಡ ವಿದ್ವಾಂಸ ಲಿಯಾಂಗ್ ಸಿಚೆಂಗ್ ಈ ಹೋಟೆಲನ್ನು ಮನಸಾರೆ ಮೆಚ್ಚಿಕೊಂಡರು. ನಮ್ಮೂರುಗಳಲ್ಲಿ ಹಳೆ ತೊಟ್ಟಿಮನೆ ಕೆಡವಿದಾಗ ಕಂಬ, ಬಾಗಿಲವಾಡ ಎಲ್ಲ ಗುಜರಿ ಸೇರುವುದನ್ನು ಕಂಡವರಿಗೆ ಈ ಕಥೆಯ ಬೆಲೆ ಗೊತ್ತಾಗುತ್ತದೆ.

ಗಮನಿಸಬೇಕಾದ್ದು ಕ್ರಮವನ್ನು. ಮೊದಲು ಹೋಟೆಲ್ ಕಟ್ಟಿ ಆಮೇಲೆ ಸುತ್ತ ಗಿಡ ನೆಡುವುದು ನಮ್ಮ ವಾಡಿಕೆ. ಇಲ್ಲಿ ತೋಟ ಮೊದಲು ನಿಂತಿತು, ಹೋಟೆಲ್ ಅದರ ಸುತ್ತ ಹರಡಿಕೊಂಡಿತು.

ಮೇಜಿನ ಲೆಕ್ಕ

ಹೋಟೆಲ್ ಮಾಲೀಕರು ಇಲ್ಲಿ ತಕ್ಷಣ ಕೇಳುವ ಪ್ರಶ್ನೆ ಒಂದೇ: ‘ಪೇಟೆಯ ನಡುವೆ ಚದರಡಿಗೆ ಇಷ್ಟು ಬಾಡಿಗೆ ಇರುವಾಗ ನಡುಮನೆಯನ್ನೇ ಕೊಳಕ್ಕೆ ಕೊಟ್ಟರೆ ಮೇಜು ಎಲ್ಲಿ ಹಾಕಲಿ?’ ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಹೈಸ್ಕೂಲಿನ ಗಣಿತ ಸಾಕು.

ಉದ್ದ 12 ಮೀಟರ್, ಅಗಲ 12 ಮೀಟರ್ ಇರುವ ಒಂದು ಊಟದ ಹಾಲ್ ಇದೆ ಎಂದುಕೊಳ್ಳಿ. ನೆಲ 144 ಚದರ ಮೀಟರ್. ನಾಲ್ಕೂ ಗೋಡೆ ಸೇರಿದರೆ ಕಿಟಕಿ ಇಡಬಹುದಾದ ಅಂಚು 48 ಮೀಟರ್. ನಡುಮಧ್ಯದ ಮೇಜು ಕಿಟಕಿಯಿಂದ 6 ಮೀಟರ್ ದೂರ. ಅಲ್ಲಿ ಕೂತವರಿಗೆ ಕಾಣುವುದು ಪಕ್ಕದ ಮೇಜಿನವರ ಬೆನ್ನು.

ಈಗ ಅದೇ 144 ಚದರ ಮೀಟರನ್ನು ಉಂಗುರದ ಹಾಗೆ ಹರಡೋಣ. ಹೊರ ಅಳತೆ 15 × 15 ಮೀಟರ್, ನಡುವೆ 9 × 9 ಮೀಟರಿನ ಅಂಗಳ. 225ರಲ್ಲಿ 81 ಕಳೆದರೆ ಮತ್ತೆ 144. ಒಂದು ಮೇಜಿನ ಜಾಗವೂ ಕಳೆಯಲಿಲ್ಲ. ಆದರೆ ಅಂಚು? ಹೊರಗೆ 60 ಮೀಟರ್, ಒಳಗೆ 36, ಒಟ್ಟು 96. ಸರಿಯಾಗಿ ಎರಡು ಪಟ್ಟು! ಉಂಗುರದ ಅಗಲ ಮೂರೇ ಮೀಟರ್ ಆದ್ದರಿಂದ ಮೂಲೆಗಳನ್ನು ಬಿಟ್ಟರೆ ಯಾವ ಮೇಜೂ ತೋಟದಿಂದ 3 ಮೀಟರಿಗಿಂತ ದೂರ ಹೋಗುವುದಿಲ್ಲ. ಅಕ್ಕಪಕ್ಕದ ಕಟ್ಟಡಗಳು ಎಷ್ಟೇ ಒತ್ತಿಕೊಂಡಿದ್ದರೂ ಒಳಗಿನ ಬೆಳಕನ್ನು ಯಾರೂ ಕಸಿಯಲಾರರು. ಹಗಲು ಲೈಟು ಹಾಕುವುದು ತಪ್ಪುತ್ತದೆ, ಬಿಸಿ ಗಾಳಿ ಅಂಗಳದಿಂದ ಮೇಲೇರಿ ಹೋಗುತ್ತದೆ.

ಇದಕ್ಕೆ ತಗಲುವ ನಿಜವಾದ ಬೆಲೆ 81 ಚದರ ಮೀಟರ್ ಹೆಚ್ಚುವರಿ ನೆಲ. ಅದನ್ನು ಸುಳ್ಳು ಹೇಳಿ ಮುಚ್ಚಿಡಬಾರದು. ಆದರೆ ಆ ನೆಲ ಕಟ್ಟಡದ ಹೊರಗೆ ನಾಲ್ಕು ಕಡೆ ಪಟ್ಟಿ ಪಟ್ಟಿಯಾಗಿ ಬಿದ್ದಿದ್ದರೆ ಅದರಲ್ಲಿ ಬೈಕ್ ನಿಲ್ಲುತ್ತದೆ, ಜನರೇಟರ್ ಕೂರುತ್ತದೆ, ಖಾಲಿ ಸಿಲಿಂಡರ್ ಪೇರಿಸುತ್ತಾರೆ. ಅದೇ ನೆಲ ಒಂದೆಡೆ ಸೇರಿದರೆ ಉದ್ಯಾನ.

ಬಚ್ಚಿಟ್ಟು ತೋರಿಸುವ ಕಲೆ

ಅಂಗಳ ಸಿಕ್ಕಿತು. ಅದರಲ್ಲಿ ಏನಿಡಬೇಕು? ಇಲ್ಲಿ ನಾವು ಗುವಾಂಗ್‌ಝೌ ಬಿಟ್ಟು ಬಹುದೂರ ಉತ್ತರಕ್ಕೆ, ಶಾಂಘೈ ಬಳಿಯ ಸುಝೌ ನಗರಕ್ಕೆ ಹೋಗಬೇಕು. ಚೀನೀ ಉದ್ಯಾನ ಕಲೆಯ ತವರು ಅದು. ಅಲ್ಲಿನ ನಾಲ್ಕು ಉದ್ಯಾನಗಳನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2000ದಲ್ಲಿ ಇನ್ನೂ ಐದು ಸೇರಿದವು. ಅವುಗಳಲ್ಲಿ ‘ಬಲೆಗಾರನ ಉದ್ಯಾನ’ ಎಂಬ ಅರ್ಥದ ಹೆಸರಿರುವುದು ಮನೆಯೂ ಸೇರಿ ಸುಮಾರು ಅರ್ಧ ಹೆಕ್ಟೇರ್ ಮಾತ್ರ. ಆದರೂ ಒಳಗೆ ಹೋದವರಿಗೆ ಅದರ ಕೊನೆ ಸುಲಭಕ್ಕೆ ಸಿಗುವುದಿಲ್ಲ. ಯಾಕೆಂದರೆ ಎಲ್ಲೂ ಅದು ಒಮ್ಮೆಗೇ ಪೂರ್ತಿ ಕಾಣುವುದಿಲ್ಲ.

ಬಾಗಿಲು ದಾಟಿದ ಕೂಡಲೇ ಎದುರಿಗೆ ಒಂದು ಗೋಡೆ ಅಥವಾ ಬಂಡೆ. ಬಳಸಿಕೊಂಡು ಹೋದರೆ ಸ್ವಲ್ಪ ನೀರು. ಮುಂದೆ ಗೋಡೆಯಲ್ಲಿ ಜಾಲರಿ ಕಿಟಕಿ. ಅದರಾಚೆ ಬಿದಿರಿನ ನಾಲ್ಕು ಎಲೆ. ಆ ಬಿದಿರು ಎಲ್ಲಿದೆ ಎಂದು ಹುಡುಕುತ್ತ ಹೋದರೆ ಚಂದ್ರನ ಹಾಗೆ ಗುಂಡಗಿರುವ ಬಾಗಿಲು. ಹೀಗೆ ಪ್ರತಿ ತಿರುವೂ ಮುಂದಿನದರ ಆಸೆ ಹುಟ್ಟಿಸುತ್ತದೆ. ಸುಣ್ಣ ಬಳಿದ ಬಿಳಿ ಗೋಡೆಯೂ ಸುಮ್ಮನಿರುವುದಿಲ್ಲ. ಅದರ ಮುಂದೆ ಒಂದು ಬಿದಿರು ಮೆಳೆ ನೆಟ್ಟರೆ ಬಿಸಿಲು ಅದರ ಮೇಲೆ ದಿನವಿಡೀ ಚಿತ್ರ ಬಿಡಿಸುತ್ತದೆ.

ಈ ಕಲೆಯ ಶಾಸ್ತ್ರವನ್ನು 1631ರಲ್ಲೇ ಜಿ ಚೆಂಗ್ ಎಂಬ ಉದ್ಯಾನ ನಿರ್ಮಾತೃ ‘ಯುವಾನ್ ಯೆ’ ಎಂಬ ಪುಸ್ತಕದಲ್ಲಿ ಬರೆದಿಟ್ಟ. ಸಿದ್ಧ ನಕ್ಷೆ ಇಟ್ಟುಕೊಂಡು ಜಾಗವನ್ನು ಅದಕ್ಕೆ ಬಗ್ಗಿಸಬಾರದು, ಜಾಗಕ್ಕೆ ತಕ್ಕಂತೆ ನಕ್ಷೆ ಬಗ್ಗಬೇಕು ಎಂಬುದು ಅವನ ತಿಳಿವಳಿಕೆಯ ತಿರುಳು. ಅವನು ಒತ್ತಿ ಹೇಳಿದ ಇನ್ನೊಂದು ಮಾತು ನೋಟವನ್ನು ‘ಸಾಲ ತರುವುದು’. ನಿಮ್ಮ ಬೇಲಿಯಾಚೆಗಿನ ಬೆಟ್ಟ, ಗೋಪುರ, ನೆರೆಮನೆಯ ಮರ, ಆಕಾಶದ ಚಂದ್ರ, ಆಯಾ ಋತುವಿನ ಹೂವು ಎಲ್ಲವನ್ನೂ ನಿಮ್ಮ ತೋಟದೊಳಗೆ ಕಾಣುವಂತೆ ಕಿಟಕಿ ಇಡಿ ಎಂದರ್ಥ. ಸುಝೌನ ಝುವೋಝೆಂಗ್ ಉದ್ಯಾನದ ಕೊಳದ ಬಳಿ ನಿಂತರೆ ದೂರದ ಉತ್ತರ ದೇಗುಲದ ಪಗೋಡ ಮರಗಳ ನಡುವೆ ಕಾಣುತ್ತದೆ. ಪಗೋಡ ಇರುವುದು ಉದ್ಯಾನದ ಎಲ್ಲೆಯಿಂದ ಎಷ್ಟೋ ಆಚೆ. ಅದಕ್ಕೆ ಒಂದು ಕಾಸೂ ಕೊಡಬೇಕಿಲ್ಲ.

ಅಂಕುಡೊಂಕು ಸೇತುವೆಯ ಗುಟ್ಟೂ ಇದೇ. ದೆವ್ವಗಳು ನೇರ ದಾರಿಯಲ್ಲಿ ಮಾತ್ರ ಹೋಗುತ್ತವೆ, ಅದಕ್ಕೇ ಸೇತುವೆ ಡೊಂಕು ಎಂದು ಜನ ಕಥೆ ಹೇಳುತ್ತಾರೆ. ಎಂಜಿನಿಯರ್ ಕಣ್ಣಿಗೆ ಬೇರೆ ಕಾರಣ ಕಾಣುತ್ತದೆ. 9 ಮೀಟರ್ ಅಂಗಳವನ್ನು 45 ಡಿಗ್ರಿ ತಿರುವುಗಳಲ್ಲಿ ಎಡಕ್ಕೆ-ಬಲಕ್ಕೆ ದಾಟಿದರೆ ನಡಿಗೆ ಸುಮಾರು 12.7 ಮೀಟರ್ ಆಗುತ್ತದೆ. ಪ್ರತಿ ತಿರುವಿನಲ್ಲೂ ಮುಖ ಬೇರೆ ಕಡೆ ತಿರುಗುತ್ತದೆ, ಅದೇ ತೋಟ ಬೇರೆಯಾಗಿ ಕಾಣುತ್ತದೆ. ಶಾಂಘೈನ ಯು ಉದ್ಯಾನದ ಪಕ್ಕ ಕೊಳದ ನಡುವೆ ನಿಂತಿರುವ ಹೂಶಿನ್‌ಟಿಂಗ್ ಎಂಬ ಮಂಟಪ 1855ರಿಂದ ಚಹಾದಂಗಡಿಯಾಗಿದೆ. ಅಲ್ಲಿಗೆ ಹೋಗಬೇಕಾದರೆ ಒಂಬತ್ತು ತಿರುವಿನ ಸೇತುವೆ ದಾಟಲೇಬೇಕು. ಕಪ್ಪು ಕೈಗೆ ಬರುವ ಮೊದಲೇ ಪೇಟೆಯ ಗಡಿಬಿಡಿ ಅರ್ಧ ಇಳಿದಿರುತ್ತದೆ.

ಆದರೆ ಒಂದು ಎಚ್ಚರ. ಈ ಡೊಂಕು ಗಿರಾಕಿಗೆ ಮಾತ್ರ. ಕೈಯಲ್ಲಿ ಬಿಸಿ ಸೂಪಿನ ತಟ್ಟೆ ಹಿಡಿದ ಸಪ್ಲಯರ್‌ಗೆ ಅದೇ ದಾರಿ ಕೊಟ್ಟರೆ ಶಿಕ್ಷೆ. ದಿನಕ್ಕೆ ನೂರಾರು ಸಲ ಓಡಾಡುವ ಅವರಿಗೆ ಅಡುಗೆಮನೆಯಿಂದ ಮೇಜಿಗೆ ನೇರವಾದ, ಮಟ್ಟಸವಾದ, ಮಳೆ ಬೀಳದ ಹಿಂಬದಿಯ ದಾರಿ ಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೂ ಮೆಟ್ಟಿಲಿಲ್ಲದ ದಾರಿ ಬೇಕು. ಹಾಗಾಗಿ ಇಂಥ ಹೋಟೆಲಿನ ನಕ್ಷೆಯಲ್ಲಿ ಎರಡು ದಾರಿ ಬರೆಯಬೇಕು, ಒಂದು ತಿರುಗಾಟಕ್ಕೆ, ಇನ್ನೊಂದು ದುಡಿಮೆಗೆ. ಎರಡೂ ಒಂದನ್ನೊಂದು ಅಡ್ಡ ಹಾಯದಿದ್ದರೆ ಅರ್ಧ ಗೆದ್ದ ಹಾಗೆ.

ಚಕ್ರವರ್ತಿಯ ಕಲ್ಲು, ನಮ್ಮ ಕಲ್ಲು

ಚೀನೀ ಉದ್ಯಾನಕ್ಕೆ ಬಂಡೆ ಬೇಕೇ ಬೇಕು. ಸುಝೌ ಹತ್ತಿರದ ತೈಹೂ ಸರೋವರದ ಸುಣ್ಣಕಲ್ಲು ಬಹಳ ಪ್ರಸಿದ್ಧ. ನೀರು ಕೊರೆದು ಕೊರೆದು ತೂತು ಬಿದ್ದ, ಸುಕ್ಕುಗಟ್ಟಿದ, ತೆಳ್ಳಗೆ ನಿಂತ ಕಲ್ಲುಗಳು. ಅವುಗಳ ಹುಚ್ಚು ಹಿಡಿದವರಲ್ಲಿ ಮೊದಲ ಹೆಸರು ಸಾಂಗ್ ವಂಶದ ಚಕ್ರವರ್ತಿ ಹ್ವೀಝೋಂಗ್‌ನದು. ರಾಜಧಾನಿ ಕೈಫೆಂಗ್‌ನಲ್ಲಿ ದೊಡ್ಡ ಉದ್ಯಾನ ಮಾಡಿಸಲು ಅವನು ದಕ್ಷಿಣದಿಂದ ಕಲ್ಲು, ಗಿಡಗಳನ್ನು ದೋಣಿಗಳ ಸಾಲಿನಲ್ಲಿ ತರಿಸಿದ. ದೊಡ್ಡ ಬಂಡೆಗೆ ದಾರಿ ಮಾಡಲು ಸೇತುವೆಗಳನ್ನೇ ಒಡೆದರು. ಕಲ್ಲಿನ ಹೆಸರಲ್ಲಿ ಅಧಿಕಾರಿಗಳು ನಡೆಸಿದ ಸುಲಿಗೆಗೆ ಬೇಸತ್ತು 1120ರಲ್ಲಿ ಫಾಂಗ್ ಲಾ ಎಂಬವನ ನೇತೃತ್ವದಲ್ಲಿ ಜನ ದಂಗೆ ಎದ್ದರು. ಕೆಲವೇ ವರ್ಷಗಳಲ್ಲಿ ಉತ್ತರದ ಜಿನ್ ಸೇನೆ ನಗರಕ್ಕೆ ಮುತ್ತಿಗೆ ಹಾಕಿತು. ಚಳಿಗೆ ನಡುಗಿದ ಊರವರು ಉದ್ಯಾನದ ಮರಗಳನ್ನು ಸೌದೆಗೆ ಕಡಿದರು, ಬಂಡೆಗಳು ಕವಣೆ ಯಂತ್ರಗಳಿಗೆ ಗುಂಡಾದವು. 1127ಕ್ಕೆ ಚಕ್ರವರ್ತಿಯೇ ಸೆರೆಯಾಳು.

ಗುವಾಂಗ್‌ಝೌನವರು ಜಾಣರು. ಅವರ ಸೀಮೆಯ ಉದ್ಯಾನ ಶೈಲಿಗೆ ಲಿಂಗ್‌ನಾನ್ ಎಂದು ಹೆಸರು. ಆ ಶೈಲಿಯ ತೋಟಗಳಿಗೆ ತಮ್ಮದೇ ಪ್ರಾಂತ್ಯದ ಯಿಂಗ್‌ದೆ ಎಂಬಲ್ಲಿ ಸಿಗುವ ಕಪ್ಪು-ಬೂದು ಕಲ್ಲನ್ನು ಅವರು ಒಗ್ಗಿಸಿಕೊಂಡರು. ಅಂದಮೇಲೆ ನಮ್ಮೂರಿನಲ್ಲಿ ಯಾರಾದರೂ ಚೀನೀ ಪ್ರೇರಣೆಯ ತೋಟ ಮಾಡುವುದಾದರೆ ತೈಹೂ ಕಲ್ಲಿನ ಸಿಮೆಂಟು ನಕಲು ಮಾಡಿಸಬೇಕಿಲ್ಲ. ರಾಮನಗರ, ಹಂಪಿಯ ಬೆಟ್ಟಗಳನ್ನು ಕಂಡವರಿಗೆ ನಮ್ಮ ಗ್ರಾನೈಟ್ ಗುಂಡುಗಳು ಹೇಗೆ ಒಂದರ ಮೇಲೊಂದು ಕೂರುತ್ತವೆ ಎಂದು ಹೇಳಿಕೊಡಬೇಕೇ? ಬೆಟ್ಟದಿಂದ ಕಿತ್ತು ತರಬೇಕೆಂದೂ ಇಲ್ಲ. ತಳಪಾಯ ಅಗೆಯುವಾಗ ಅದೇ ನಿವೇಶನದಲ್ಲಿ ಸಿಗುವ ಬಂಡೆಯನ್ನು ಒಡೆಸದೆ ಉಳಿಸಿಕೊಂಡರೆ ಸಾಕು.

ಕಲ್ಲಿಗೆ ಚೆಂದದ ಜತೆ ತೂಕವೂ ಇದೆ. ಒಂದೂವರೆ ಘನ ಮೀಟರಿನ ಬಂಡೆ ಸುಮಾರು ನಾಲ್ಕು ಟನ್ ತೂಗುತ್ತದೆ. ನೀರೂ ಹಗುರವಲ್ಲ. 60 ಸೆಂಟಿಮೀಟರ್ ಆಳದ ಕೊಳ ಎಂದರೆ ಪ್ರತಿ ಚದರ ಮೀಟರಿಗೆ 600 ಕೆ.ಜಿ. ಹೋಟೆಲಿನ ಊಟದ ಹಾಲಿನ ನೆಲಕ್ಕೆ ನಮ್ಮ ಐಎಸ್ 875 ಸಂಹಿತೆ ಹಿಡಿಯುವ ಬಳಕೆಯ ಹೊರೆ 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆ.ಜಿ. ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್ ಇಟ್ಟುಕೊಂಡು, ಕಟ್ಟಡ ಮುಗಿದ ಮೇಲೆ ‘ಇಲ್ಲೊಂದು ಕೊಳ ಮಾಡೋಣ’ ಎಂದರೆ ಏನಾಗಬಹುದು ಎಂದು ಯೋಚಿಸಿ. ತೋಟವನ್ನು ಮೊದಲ ದಿನವೇ ನಕ್ಷೆಗೆ ತರಬೇಕು ಎನ್ನುವುದು ಬರಿಯ ಸೌಂದರ್ಯದ ಮಾತಲ್ಲ.

ನೀರಿನ ಬಜೆಟ್

6 ಮೀಟರ್ ಉದ್ದ, 4 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕೊಳಕ್ಕೆ 14,400 ಲೀಟರ್ ನೀರು ಬೇಕು. ಎರಡು ಗಂಟೆಗೊಮ್ಮೆ ಎಲ್ಲ ನೀರೂ ಫಿಲ್ಟರ್ ದಾಟಿ ಬರಬೇಕೆಂದರೆ ಗಂಟೆಗೆ 7,200 ಲೀಟರ್ ಎತ್ತುವ ಪಂಪ್ ಸಾಕು. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೆ 120 ಲೀಟರ್ ಖೋತಾ, ಹತ್ತು ಬಿಂದಿಗೆಯಷ್ಟು. ಮಳೆಯಿಲ್ಲದ ಆರು ತಿಂಗಳಿಗೆ 21,600 ಲೀಟರ್. ಇದನ್ನು ಬೋರ್‌ವೆಲ್‌ನಿಂದಲೋ ಟ್ಯಾಂಕರ್‌ನಿಂದಲೋ ತುಂಬಿಸಿದರೆ ಅಂಥ ತೋಟ ಕುಡಿಯುವ ನೀರಿಗೆ ಕ್ಯೂ ನಿಲ್ಲುವ ಊರಿಗೆ ಮಾಡುವ ಅವಮಾನ.

ಚಾವಣಿ ಕಡೆ ನೋಡೋಣ. ಮೇಲೆ ಹೇಳಿದ 144 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,29,600 ಲೀಟರ್. ಐದರಲ್ಲಿ ಒಂದು ಪಾಲು ಸೋರಿ, ಚೆಲ್ಲಿ ಹೋದರೂ ಒಂದು ಲಕ್ಷ ಲೀಟರ್ ಮೇಲೆ ಉಳಿಯುತ್ತದೆ. ಒಂದು ದೊಡ್ಡ ಸಂಪು ಕಟ್ಟಿಸಿದರೆ ಕೊಳಕ್ಕೆ ಹೊರಗಿನ ನೀರು ಬೇಕಿಲ್ಲ. ಚೀನೀ ಅಂಗಳದ ಮಾಡು ಒಳಕ್ಕೆ ಇಳಿಜಾರಾಗಿರುವುದು, ನಮ್ಮ ತೊಟ್ಟಿಮನೆಯ ಮಾಡು ತೊಟ್ಟಿಯ ಕಡೆ ಬಾಗಿರುವುದು ಕಾಕತಾಳೀಯ ಇರಲಾರದು. ಎರಡೂ ಕಡೆಯ ಮೇಸ್ತ್ರಿಗಳು ಮಳೆಯನ್ನು ಮನೆಯೊಳಗೆ ಕರೆದವರೇ.

ಸೊಳ್ಳೆಯ ಚಿಂತೆ ಬಿಡುವಂತಿಲ್ಲ. ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ನಿಂತ ನೀರೇ ಅದರ ತೊಟ್ಟಿಲು. ನೀರು ಸದಾ ಕದಲುತ್ತಿರಬೇಕು, ಕೊಳಕ್ಕೆ ಸತ್ತ ಮೂಲೆಗಳಿರಬಾರದು, ಮರಿಹುಳ ತಿನ್ನುವ ಗಪ್ಪಿ ಮೀನು ಇರಬೇಕು. ಇನ್ನು ನೀರಿನ ಸದ್ದು. ಅದು ರಸ್ತೆಯ ಹಾರ್ನ್ ತಡೆಯುವುದಿಲ್ಲ. ತಡೆಯಲು ಗೋಡೆಯೇ ಬೇಕು. ಆದರೆ ಗೋಡೆ ದಾಟಿ ಬಂದ ಅಳಿದುಳಿದ ಗದ್ದಲವನ್ನು ಹತ್ತಿರದ ಜುಳುಜುಳು ಮರೆಸುತ್ತದೆ. ಜಲಪಾತ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಂಡರೆ ಕಷ್ಟ. ಆಗ ಮೇಜಿನವರು ಕೂಗಿ ಮಾತಾಡಬೇಕಾಗುತ್ತದೆ.

ಸಂಪಿಗೆ, ಬೂರುಗ, ಬಾಳೆ

ಗಿಡಗಳ ವಿಷಯಕ್ಕೆ ಬಂದರೆ ಗುವಾಂಗ್‌ಝೌ ನಮಗೆ ಪರಊರು ಅನ್ನಿಸುವುದೇ ಇಲ್ಲ. ಅದರ ನಗರಪುಷ್ಪ ಬೂರುಗದ ಹೂ. ಎಲೆ ಉದುರಿದ ಕೊಂಬೆಯ ಮೇಲೆ ಕೆಂಪಗೆ ಅರಳುವ ಅದೇ ಬೂರುಗ! ಅಲ್ಲಿನ ಬೀದಿಗಳಲ್ಲಿ ಬಿಳಿ ಸಂಪಿಗೆ ಸಾಮಾನ್ಯ. ಮಲ್ಲಿಗೆಯನ್ನು ಅವರು ಚಹಾಕ್ಕೆ ಹಾಕುತ್ತಾರೆ, ನಾವು ಮುಡಿಗೆ. ತಾವರೆ ಇಬ್ಬರಿಗೂ ಪವಿತ್ರ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬಾಳೆ. ಝುವೋಝೆಂಗ್ ಉದ್ಯಾನದಲ್ಲಿ ‘ಮಳೆ ಕೇಳುವ ಮಂಟಪ’ ಎಂಬುದೇ ಇದೆ. ಪಕ್ಕದಲ್ಲಿ ಬಾಳೆ ನೆಟ್ಟಿದ್ದಾರೆ, ಹಣ್ಣಿಗಲ್ಲ, ಅಗಲ ಎಲೆಯ ಮೇಲೆ ಹನಿ ಬೀಳುವ ಸದ್ದಿಗೆ. ಮಳೆಗಾಲದಲ್ಲಿ ಹಿತ್ತಿಲ ಬಾಳೆಯ ಸದ್ದು ಕೇಳುತ್ತ ನಿದ್ದೆ ಹೋದ ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಅದೊಂದು ಉದ್ಯಾನ ಕಲೆ ಎಂದು ನಮಗೆ ಹೊಳೆದಿರಲಿಲ್ಲ, ಅಷ್ಟೆ. ಬಿದಿರಿನಲ್ಲಿ ಮಾತ್ರ ಜೋಕೆ. ನೆಲದಡಿ ಬೇರು ಓಡಿಸುವ ಜಾತಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಅದು ಕೊಳದ ತಳಕ್ಕೂ ಪಕ್ಕದವರ ಕಾಂಪೌಂಡಿಗೂ ನುಗ್ಗುತ್ತದೆ. ನಮ್ಮ ಕಾಡಿನ ಮೆಳೆ ಬಿದಿರು ಇದ್ದಲ್ಲೇ ಗುಂಪಾಗಿ ಬೆಳೆಯುತ್ತದೆ.

ಬಾಗಿಲು ಯಾರಿಗೆ ತೆರೆದಿದೆ?

ಸುಝೌನ ಹಳೆಯ ಉದ್ಯಾನಗಳು ನಿವೃತ್ತ ಅಧಿಕಾರಿಗಳ, ಸಾಹುಕಾರರ ಖಾಸಗಿ ಲೋಕ. ಎತ್ತರದ ಗೋಡೆ, ಪರಿಚಯಸ್ಥರಿಗೆ ಮಾತ್ರ ಪ್ರವೇಶ. ಮೊ ಬೋಝಿಯ ಹೋಟೆಲುಗಳು ಆ ಲೋಕವನ್ನು ಒಂದು ಬಟ್ಟಲು ಚಹಾದ ಬೆಲೆಗೆ ತೆರೆದವು. ಅವರದೇ ಇನ್ನೊಂದು ಕೆಲಸ, 1960ರ ಹೊತ್ತಿಗೆ ಎದ್ದ ಪಾನ್‌ಶಿ ಹೋಟೆಲ್, ಲಿವಾನ್ ಕೆರೆಯ ದಡದಲ್ಲಿದೆ. ಲಿವಾನ್ ಕೆರೆ ಸಹಜ ಕೆರೆಯಲ್ಲ. ತಗ್ಗು ಪ್ರದೇಶದಲ್ಲಿ ನೀರು ನಿಲ್ಲುವ ತೊಂದರೆ ನೀಗಲು 1958ರಲ್ಲಿ ಗುವಾಂಗ್‌ಝೌ ನಗರ ನಾಲ್ಕು ಕೆರೆಗಳನ್ನು ತೋಡಿಸಿತು, ನಾಗರಿಕರೇ ಮಣ್ಣು ಹೊತ್ತರು. ಅವುಗಳಲ್ಲಿ ಒಂದು ಲಿವಾನ್. ಪಾನ್‌ಶಿ ಅದಕ್ಕೆ ಬೆನ್ನು ಹಾಕದೆ ಮುಖ ಮಾಡಿ ನಿಂತಿತು. ಜಿ ಚೆಂಗ್ ಹೇಳಿದ ‘ಸಾಲದ ನೋಟ’ ಅಂದರೆ ಇದೇ.

ಇಲ್ಲಿ ಬೆಂಗಳೂರಿನ ನೆನಪು ಬಾರದೆ ಇರುವುದಿಲ್ಲ. ನಮ್ಮ ಹಿರಿಯರು ತೋಡಿದ ಕೆರೆಗಳಲ್ಲಿ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದ ಎಷ್ಟೋ ಕೆರೆಗಳ ದಡದ ಕಟ್ಟಡಗಳು ನೀರಿನ ಕಡೆಗೆ ಇಟ್ಟಿರುವುದು ಕಕ್ಕಸಿನ ಪೈಪು ಮತ್ತು ಹಿಂಬಾಗಿಲನ್ನು. ಕೆರೆಯತ್ತ ಕಿಟಕಿ ತೆರೆದ ಹೋಟೆಲಿಗೆ ಆ ಕೆರೆ ನಾರದಂತೆ ನೋಡಿಕೊಳ್ಳುವ ಸ್ವಾರ್ಥವಾದರೂ ಇರುತ್ತದೆ. ನೋಟ ಸಾಲ ತಂದವರು ಅದಕ್ಕೆ ಬಡ್ಡಿಯನ್ನೂ ಕಟ್ಟಬೇಕಲ್ಲ.

1983ರಲ್ಲಿ ಗುವಾಂಗ್‌ಝೌನಲ್ಲಿ ವೈಟ್ ಸ್ವಾನ್ ಎಂಬ ಪಂಚತಾರಾ ಹೋಟೆಲ್ ಶುರುವಾಯಿತು. ವಿನ್ಯಾಸ ಶೆ ಜುನ್‌ನಾನ್ ಮತ್ತು ಮೊ ಬೋಝಿ ಅವರದು. ಒಳಗಿನ ಎತ್ತರದ ಹಜಾರದಲ್ಲಿ ಬಂಡೆ, ಅದರ ಮೇಲೊಂದು ಮಂಟಪ, ಕೆಳಕ್ಕೆ ಧುಮುಕುವ ನೀರು. ಕಲ್ಲಿನ ಮೇಲೆ ಮೂರೇ ಅಕ್ಷರ, ಅರ್ಥ: ‘ತವರಿನ ನೀರು’. ದಶಕಗಳ ಹಿಂದೆ ಹೊಟ್ಟೆಪಾಡಿಗೆ ಕಡಲಾಚೆ ಹೋಗಿ, ಮುದುಕರಾಗಿ ಮರಳಿ ಬಂದವರು ಅದರ ಮುಂದೆ ನಿಂತಾಗ ಅವರಿಗೆ ಏನನ್ನಿಸಿರಬಹುದು! ಹಣ ಹಾಕಿದ ಹಾಂಕಾಂಗ್ ಉದ್ಯಮಿ ಹೆನ್ರಿ ಫೋಕ್ ಅವರದು ಒಂದೇ ಹಟ. ಬಾಗಿಲು ಊರಿನ ಎಲ್ಲರಿಗೂ ತೆರೆದಿರಬೇಕು, ಕೋಣೆ ಹಿಡಿದವರಿಗೆ ಮಾತ್ರ ಅಲ್ಲ. ಹಾಗೇ ಆಯಿತು. ಪಂಚತಾರಾ ಹೋಟೆಲನ್ನು ಕನಸಲ್ಲೂ ಕಾಣದ ಜನ ಮಕ್ಕಳ ಕೈ ಹಿಡಿದು ಬಂದು ಆ ನೀರು ನೋಡಿಕೊಂಡು ಹೋದರು.

ನಮ್ಮ ನಗರಗಳಲ್ಲಿ ಮುಂದಿನ ವರ್ಷಗಳಲ್ಲಿ ಇನ್ನೆಷ್ಟು ರೆಸ್ಟೋರೆಂಟ್‌ಗಳು ಏಳುತ್ತವೋ. ಅವುಗಳ ನಕ್ಷೆ ಬರೆಯುವವರು, ಹೊರೆ ಲೆಕ್ಕ ಹಾಕುವವರು, ಪೈಪು ಎಳೆಸುವವರು ನಾವೇ, ಈಗ ಕ್ಲಾಸಿನಲ್ಲಿ ಕೂತಿರುವವರು. ಎಲ್ಲರಿಗೂ ಚೀನೀ ತೋಟ ಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಮಾಲೀಕರು ಯಾವುದೇ ಶೈಲಿಯ ಹೆಸರು ಹಿಡಿದು ಬಂದರೂ, ಲಾಂದ್ರದ ಅಂಗಡಿಗೆ ಹೋಗುವ ಮೊದಲು ಕೆಲವು ಪ್ರಶ್ನೆ ಕೇಳಬಹುದು. ಈ ನಿವೇಶನದಲ್ಲಿ ಈಗಾಗಲೇ ಯಾವ ಮರ, ಯಾವ ಬಂಡೆ ಇದೆ? ಮಳೆ ನೀರು ಎಲ್ಲಿಗೆ ಹೋಗುತ್ತದೆ? ಬೇಲಿಯಾಚೆ ಕಾಣುವಂಥದ್ದು ಏನಿದೆ? ಸಪ್ಲಯರ್ ಎಲ್ಲಿ ನಡೆಯುತ್ತಾನೆ? ಪಾರ್ಸೆಲ್‌ಗೆಂದು ಕಾಯುತ್ತ ನಿಂತ ಡೆಲಿವರಿ ಹುಡುಗನಿಗೆ ನೆರಳಲ್ಲಿ ಕೂರಲು, ತೋಟದ ಕಡೆ ಮುಖ ಮಾಡಿದ ಒಂದು ಕಲ್ಲುಬೆಂಚು ಸಿಗುತ್ತದೆಯೇ?